ವೆನ್ಸ್, ವಿದರ್: ಎಲ್ಲಿಂದ, ಎಲ್ಲಿಗೆ

ಹಳೇ ಕಾಲದ ಇಂಗ್ಲಿಷಿನಲ್ಲಿ ಬರುವ ‘ವೆನ್ಸ್’, ‘ವಿದರ್’ ಎರಡಕ್ಕೂ ‘ಎಲ್ಲಿ’ ಅಂತಲೇ ಅರ್ಥವಾ ಎಂದು ಕೇಳಿದ್ದೀರಿ. ಅಲ್ಲ. ವೆನ್ಸ್ ಅಂದರೆ ಎಲ್ಲಿಂದ, ವಿದರ್ ಅಂದರೆ ಎಲ್ಲಿಗೆ.

ಕನ್ನಡ ಬಲ್ಲವರಿಗೆ ಇದು ತುಂಬಾ ಸುಲಭ. ನಮ್ಮಲ್ಲಿ ಇಲ್ಲಿ, ಅಲ್ಲಿ, ಎಲ್ಲಿ ಇವೆ ಅಲ್ವಾ? ‘ಗೆ’ ಸೇರಿಸಿದರೆ ಇಲ್ಲಿಗೆ, ಅಲ್ಲಿಗೆ, ಎಲ್ಲಿಗೆ. ಅವರಲ್ಲಿ ಇವು ಹಿದರ್, ದಿದರ್, ವಿದರ್. ‘ಇಂದ’ ಸೇರಿಸಿದರೆ ಇಲ್ಲಿಂದ, ಅಲ್ಲಿಂದ, ಎಲ್ಲಿಂದ. ಅವು ಹೆನ್ಸ್, ದೆನ್ಸ್, ವೆನ್ಸ್. ನಮ್ಮ ಇ, ಅ, ಎ ಥರವೇ ಅವರಲ್ಲೂ ಮೊದಲ ಸದ್ದು ಮಾತ್ರ ಬದಲಾಗುತ್ತದೆ. ಎಷ್ಟು ಚೆಂದದ ಹೊಂದಿಕೆ!

ಎರಡೂ ಪದ ಒಟ್ಟಿಗೆ ಬರುವ ಜಾಗವೊಂದಿದೆ, 1611ರ ಕಿಂಗ್ ಜೇಮ್ಸ್ ಬೈಬಲಿನ ಆದಿಕಾಂಡದ 16ನೇ ಅಧ್ಯಾಯ. ಬಸುರಿ ಹಾಗರಳು ಒಡತಿ ಸಾರಯಳ ಕಾಟ ತಾಳಲಾರದೆ ಓಡಿಹೋಗಿದ್ದಾಳೆ. ಮರುಭೂಮಿಯಲ್ಲಿ, ಶೂರ್ ಎಂಬ ಜಾಗಕ್ಕೆ ಹೋಗುವ ದಾರಿಯ ಬುಗ್ಗೆಯ ಹತ್ತಿರ ದೇವದೂತ ಅವಳನ್ನು ಕಂಡು ಕೇಳುತ್ತಾನೆ: ‘ವೆನ್ಸ್ ಕೇಮೆಸ್ಟ್ ದೌ? ಅಂಡ್ ವಿದರ್ ವಿಲ್ಟ್ ದೌ ಗೋ?’ ಎಲ್ಲಿಂದ ಬಂದೆ? ಎಲ್ಲಿಗೆ ಹೋಗ್ತೀಯ? ಅವಳು ಹೇಳುವುದು ಇಷ್ಟೇ: ಒಡತಿಯನ್ನು ಬಿಟ್ಟು ಓಡಿಹೋಗ್ತಿದ್ದೀನಿ. ಉತ್ತರ ಬಂದದ್ದು ವೆನ್ಸ್‌ಗೆ ಮಾತ್ರ. ವಿದರ್‌ಗೆ ಅವಳ ಬಾಯಿಂದ ಒಂದು ಮಾತೂ ಇಲ್ಲ. ಎರಡನ್ನೂ ‘ಎಲ್ಲಿ’ ಅಂತ ಸುಮ್ನೆ ಓದಿಕೊಂಡು ಹೋದರೆ ಈ ಮೌನ ಕಾಣುವುದೇ ಇಲ್ಲ. ಈ ಪದಗಳ ವ್ಯತ್ಯಾಸ ನನ್ನ ಮನಸ್ಸಿಗೆ ತಟ್ಟಿದ್ದು ಅಲ್ಲೇ.

ಬರೆಯುವಾಗ ಒಂದು ಎಚ್ಚರ. ವಿದರ್‌ನಲ್ಲಿ ಡಬ್ಲ್ಯೂ ಆದಮೇಲಿನ ಎಚ್ ಬಿಟ್ಟರೆ ಅದು ‘ಬಾಡು’ ಎಂಬ ಬೇರೆಯೇ ಪದ. ಇನ್ನು ‘ಫ್ರಮ್ ವೆನ್ಸ್’ ತಪ್ಪು ಅಂತ ಕೆಲವರು ಹೇಳುತ್ತಾರೆ, ವೆನ್ಸ್ ಒಳಗೇ ‘ಇಂದ’ ಇದೆಯಲ್ಲ ಅಂತ. ಮಾತು ಸರಿಯೇ. ಆದರೆ ಅದೇ ಬೈಬಲಿನ 121ನೇ ಕೀರ್ತನೆಯಲ್ಲಿ ‘ಫ್ರಮ್ ವೆನ್ಸ್’ ಇದೆ. ಹಾಗಾಗಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಈ ಆರರಲ್ಲಿ ಇವತ್ತಿಗೂ ಚೆನ್ನಾಗಿ ಓಡಾಡಿಕೊಂಡಿರುವುದು ಹೆನ್ಸ್ ಒಂದೇ. ಆಫೀಸಿನ ಮೇಲ್‌ಗಳಲ್ಲಿ ದಿನಾ ನೋಡುತ್ತೇವೆ, ‘ಆದ್ದರಿಂದ’ ಎಂಬ ಅರ್ಥದಲ್ಲಿ. ನಮ್ಮ ‘ಆದ್ದರಿಂದ’ದ ಕೊನೆಗೂ ಅದೇ ‘ಇಂದ’ ಇದೆ ನೋಡಿ.