ಕಪ್ಪೆ, ಸಾಲಮಾಂಡರ್‌ಗಳಲ್ಲಿ ಯಾವುದು ಮೇಲು? ತುಮಕೂರಿನ ಕೆರೆಗಳಲ್ಲಿ ಸಾಲಮಾಂಡರ್ ಇದೆಯೇ?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಇಲ್ಲ. ಸಾಲಮಾಂಡರ್ ಕಪ್ಪೆಯಂತೆ ಉಭಯಚರ, ಆದರೆ ಬೆಳೆದ ಮೇಲೂ ಅದಕ್ಕೆ ಬಾಲವಿರುತ್ತದೆ. ಭಾರತದಲ್ಲಿ ಈ ಗುಂಪಿನ ಪ್ರಾಣಿಗಳು ಕಾಣುವುದು ಡಾರ್ಜಿಲಿಂಗ್, ಮಣಿಪುರ, ಅರುಣಾಚಲದಂತಹ ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ. ಪ್ರಶ್ನೆ ಕೇಳಿದ ನೀವು ದೇವರಾಯನದುರ್ಗದ ದಾರಿಯಲ್ಲಿ ಕಂಡು ಸಾಲಮಾಂಡರ್ ಇರಬಹುದೆಂದುಕೊಂಡ, ಮಿರುಗುವ ಮೈಯ ಬಾಲದ ಪ್ರಾಣಿ ಬಹುಶಃ ಹಾವುರಾಣಿ. ಅದು ಸರೀಸೃಪ, ಮೈತುಂಬ ಹುರುಪೆ. ಸಾಲಮಾಂಡರ್‌ನದು ಹುರುಪೆಯಿಲ್ಲದ ತೇವದ ಚರ್ಮ.

ಇನ್ನು ಮೇಲು-ಕೀಳಿನ ಮಾತು. ಅಂಗವನ್ನು ಮತ್ತೆ ಬೆಳೆಸಿಕೊಳ್ಳುವುದರಲ್ಲಿ ಸಾಲಮಾಂಡರ್‌ಗೆ ಸಾಟಿಯಿಲ್ಲ. ಮೆಕ್ಸಿಕೋದ ಆಕ್ಸೊಲಾಟಲ್ ಎಂಬ ಸಾಲಮಾಂಡರ್ ಕಾಲು ಕಳೆದುಕೊಂಡರೆ ಮೂಳೆ, ಸ್ನಾಯು, ನರಗಳ ಸಮೇತ ಹೊಸ ಕಾಲು ಮೂಡುತ್ತದೆ. ಗೊದಮೊಟ್ಟೆಗೆ ಎಳವೆಯಲ್ಲಿ ಇರುವ ಈ ಶಕ್ತಿ ಬೆಳೆದ ಕಪ್ಪೆಯಲ್ಲಿ ಬಹುಮಟ್ಟಿಗೆ ಇಲ್ಲವಾಗುತ್ತದೆ. ಮರಿಗಳ ಬೆಳವಣಿಗೆಯೂ ಬೇರೆ: ಗೊದಮೊಟ್ಟೆಗೆ ಮೊದಲು ಕಾಣುವುದು ಹಿಂಗಾಲು, ಸಾಲಮಾಂಡರ್ ಮರಿಗೆ ಸಾಮಾನ್ಯವಾಗಿ ಮುಂಗಾಲು. ಗಾತ್ರದಲ್ಲೂ ಚೀನಾದ ದೈತ್ಯ ಸಾಲಮಾಂಡರ್ ಸುಮಾರು 1.8 ಮೀಟರ್ ಬೆಳೆಯಬಲ್ಲದು. ಅತಿ ದೊಡ್ಡ ಕಪ್ಪೆ 30 ಸೆಂಟಿಮೀಟರ್‌ನ ಆಸುಪಾಸು.

ಆದರೂ ನನ್ನ ಮತ ಕಪ್ಪೆಗೇ. ಜಿಗಿತ, ಧ್ವನಿಚೀಲದಿಂದ ಹೊಮ್ಮುವ ಕೂಗು ಅದರ ಬಲ. ಸಾಲಮಾಂಡರ್‌ಗಳು ಸುಮಾರು 800 ಪ್ರಭೇದಗಳಾದರೆ, ಕಪ್ಪೆಗಳು 7,000ಕ್ಕೂ ಹೆಚ್ಚು. ಸಾಲಮಾಂಡರ್ ಬಹುಪಾಲು ಉತ್ತರ ಗೋಳಾರ್ಧದ ತೇವದ ನೆಲೆಗಳಿಗೆ ಅಂಟಿಕೊಂಡಿದೆ. ನಮ್ಮ ಬಯಲುಸೀಮೆಯ ಬಿಲಗಪ್ಪೆಯಾದರೋ ಹಿಂಗಾಲಿನ ಗಟ್ಟಿ ಗುಬುಟಿನಿಂದ ಮಣ್ಣು ಅಗೆದು, ಬೇಸಗೆಯಿಡೀ ನೆಲದೊಳಗಿದ್ದು, ಮಳೆ ಬಿದ್ದಾಗ ಮೇಲೆದ್ದು ಮೊಟ್ಟೆಯಿಡುತ್ತದೆ. ಮಳೆಯನ್ನೇ ನಂಬಿರುವ ಪಾವಗಡ, ಶಿರಾದಂತಹ ಸೀಮೆಯಲ್ಲಿ ಬದುಕಲು ಬೇಕಾದದ್ದು ಈ ಗುಣವೇ.