ಪಾಚಿ ಇಳಿದರೂ ಹುಳುಕಿನ ಅಂಕ ಏರಿದ್ದೇಕೆ?

ಪ್ರಶ್ನೆ: ಆರು ತಿಂಗಳ ಹಿಂದಿನ ತಪಾಸಣೆಯಲ್ಲಿ ನನ್ನ ಚೀಟಿಯ ಮೇಲೆ ‘ಪ್ಲಾಕ್ ಶೇ. 46, ಡಿಎಂಎಫ್‌ಟಿ 5’ ಎಂದು ಬರೆದಿದ್ದರು. ಅಂದಿನಿಂದ ದಂತವೈದ್ಯರು ತೋರಿಸಿಕೊಟ್ಟ ಕ್ರಮದಲ್ಲಿಯೇ ಹಲ್ಲುಜ್ಜುತ್ತಿದ್ದೇನೆ. ಈ ಬಾರಿ ಪ್ಲಾಕ್ ಶೇ. 14ಕ್ಕೆ ಇಳಿದಿದೆ, ಆದರೆ ಡಿಎಂಎಫ್‌ಟಿ 6 ಆಗಿದೆ. ಇಷ್ಟು ಶ್ರದ್ಧೆ ವಹಿಸಿದರೂ ಹುಳುಕು ಹೆಚ್ಚಾಯಿತೆ, ಅಥವಾ ಅಳತೆಯೇ ತಪ್ಪಾಗಿದೆಯೆ?

ಉತ್ತರ: ಎರಡು ಅಂಕಗಳೂ ಸರಿಯಾಗಿರುವ ಸಾಧ್ಯತೆಯೇ ಹೆಚ್ಚು. ಮೊದಲನೆಯದಾದ ಪ್ಲಾಕ್, ಅಂದರೆ ಹಲ್ಲಿನ ಪಾಚಿಯ ಅಂಕ, ಈಚಿನ ಕೆಲವು ದಿನಗಳ ಸ್ಥಿತಿಯನ್ನು ಹೇಳುತ್ತದೆ. ಎರಡನೆಯದಾದ ಡಿಎಂಎಫ್‌ಟಿ, ಅಂದರೆ ಹುಳುಕಿನ ಅಂಕ, ಶಾಶ್ವತ ಹಲ್ಲುಗಳು ಮೂಡಿದಂದಿನಿಂದ ಇಂದಿನವರೆಗಿನ ಒಟ್ಟು ಲೆಕ್ಕ. ಒಂದರ ಏರಿಳಿತದಿಂದ ಇನ್ನೊಂದನ್ನು ತೂಗಲಾಗದು.

ಶೇಕಡಾವಾರು ಪ್ಲಾಕ್ ಅಂಕವನ್ನು ಸಾಮಾನ್ಯವಾಗಿ 1972ರಲ್ಲಿ ಓಲಿಯರಿ ಮತ್ತು ಸಹೋದ್ಯೋಗಿಗಳು ರೂಪಿಸಿದ ವಿಧಾನದಿಂದ ಪಡೆಯುತ್ತಾರೆ. ಹಲ್ಲಿನ ಮೇಲೆ ಅಂಟಿಕೊಂಡ ಬ್ಯಾಕ್ಟೀರಿಯಾಗಳ ಪದರ, ಅಂದರೆ ನಾವು ಪಾಚಿ ಎನ್ನುವುದು, ಬರಿಗಣ್ಣಿಗೆ ಸುಲಭವಾಗಿ ಕಾಣದಿರುವುದರಿಂದ ಅದಕ್ಕೆ ಬಣ್ಣ ಹಿಡಿಸಿ, ಪ್ರತಿ ಹಲ್ಲಿನ ನಾಲ್ಕು ಬದಿಗಳಲ್ಲಿಯೂ ಒಸಡಿನ ಅಂಚನ್ನು ನೋಡುತ್ತಾರೆ. 28 ಹಲ್ಲುಗಳಿರುವ ಬಾಯಿಯಲ್ಲಿ 112 ಬದಿಗಳಾಗುತ್ತವೆ. ಅವುಗಳಲ್ಲಿ 52ರ ಮೇಲೆ ಬಣ್ಣ ಉಳಿದಿದ್ದರೆ ಶೇ. 46, 16ರ ಮೇಲೆ ಮಾತ್ರ ಉಳಿದಿದ್ದರೆ ಶೇ. 14. ಶೇ. 10ರ ಆಸುಪಾಸಿಗೆ ಅಥವಾ ಅದಕ್ಕಿಂತ ಕೆಳಗೆ ತರುವುದು ಈ ವಿಧಾನದ ಗುರಿಯಾದ್ದರಿಂದ ನೀವು ಅದಕ್ಕೆ ಬಹಳ ಸಮೀಪ ಬಂದಿದ್ದೀರಿ. ಇದು ನಿಜವಾಗಿಯೂ ಮೆಚ್ಚತಕ್ಕ ಸಾಧನೆ. ಆದರೆ ಈ ಲೆಕ್ಕ ಪಾಚಿ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಕೇಳುತ್ತದೆ, ಎಷ್ಟು ದಪ್ಪವಿದೆ ಎಂದು ಕೇಳುವುದಿಲ್ಲ. ದಪ್ಪವನ್ನು ತಿಳಿಯಬೇಕಾದಾಗ 1964ರ ಸಿಲ್‌ನೆಸ್ ಮತ್ತು ಲೋ ಸೂಚ್ಯಂಕದಂತೆ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ತಪಾಸಣೆಗೆ ಹೊರಡುವ ಮುನ್ನ ಎಂದಿಗಿಂತ ಹೆಚ್ಚು ಹೊತ್ತು ಉಜ್ಜಿದರೂ ಅಂಕ ಇಳಿಯುತ್ತದೆ ಎಂಬುದನ್ನೂ ನೆನಪಿಡಬೇಕು. ದಿನನಿತ್ಯದಂತೆಯೇ ಉಜ್ಜಿ ಹೋದರೆ ಮಾತ್ರ ಅಂಕಕ್ಕೆ ಅರ್ಥವಿರುತ್ತದೆ.

ಡಿಎಂಎಫ್‌ಟಿಯ ಸ್ವಭಾವವೇ ಬೇರೆ. 1938ರಲ್ಲಿ ಕ್ಲೈನ್, ಪಾಮರ್ ಮತ್ತು ನಟ್ಸನ್ ಬಳಕೆಗೆ ತಂದ ಈ ಲೆಕ್ಕದಲ್ಲಿ ಹುಳುಕಾಗಿರುವ, ಹುಳುಕಿನಿಂದಾಗಿ ಕಳೆದುಹೋದ ಮತ್ತು ಫಿಲ್ಲಿಂಗ್ ಮಾಡಿಸಿದ ಶಾಶ್ವತ ಹಲ್ಲುಗಳನ್ನು ಒಟ್ಟುಗೂಡಿಸುತ್ತಾರೆ. ಹುಳುಕು ಹಲ್ಲಿಗೆ ಫಿಲ್ಲಿಂಗ್ ಮಾಡಿದರೆ ಅದು ಒಂದು ಅಂಕಣದಿಂದ ಇನ್ನೊಂದಕ್ಕೆ ಹೋಗುತ್ತದೆಯೇ ಹೊರತು ಮೊತ್ತ ಕಡಿಮೆಯಾಗುವುದಿಲ್ಲ. ಆದ್ದರಿಂದ ನೀವು ಎಷ್ಟೇ ಚೆನ್ನಾಗಿ ಹಲ್ಲುಜ್ಜಿದರೂ 5 ಎಂಬುದು 4 ಆಗಲಾರದು. ಒಳ್ಳೆಯ ಆರೈಕೆಯ ಫಲವೆಂದರೆ ಅದು 5ರಲ್ಲಿಯೇ ನಿಲ್ಲುವುದು. ಬಾಯಿಯ ಇಂದಿನ ಆರೋಗ್ಯವನ್ನು ಈ ಒಂದು ಮೊತ್ತದಿಂದ ಅಳೆಯುವುದು ರೋಗಿಗೆ ನ್ಯಾಯವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಲ್ಲ ಆರೂ ಫಿಲ್ಲಿಂಗ್ ಆಗಿ ಸುಸ್ಥಿತಿಯಲ್ಲಿರುವವರಿಗೂ ಆರು ಹಲ್ಲುಗಳಲ್ಲಿ ಗುಳಿಬಿದ್ದು ಚಿಕಿತ್ಸೆಯನ್ನೇ ಪಡೆಯದವರಿಗೂ ಅದು ಒಂದೇ ಅಂಕವನ್ನು ಕೊಡುತ್ತದೆ. ಮೂರು ಅಂಕಣಗಳನ್ನೂ ಬೇರೆ ಬೇರೆಯಾಗಿ ಬರೆದುಕೊಡುವಂತೆ ನಿಮ್ಮ ವೈದ್ಯರನ್ನು ಕೇಳಿ.

ಹಾಗಾದರೆ ಆರನೆಯ ಹಲ್ಲು ಎಲ್ಲಿಂದ ಬಂತು? ಹುಳುಕು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಲ್ಲಿ ಆರಂಭವಾಗಿ ಗುಳಿಯಾಗುವುದಕ್ಕೆ ಅನೇಕ ವೇಳೆ ತಿಂಗಳುಗಳಲ್ಲ, ವರ್ಷಗಳೇ ಬೇಕಾಗುತ್ತವೆ. ಸಾಮಾನ್ಯ ಸಮೀಕ್ಷಾ ಕ್ರಮದಲ್ಲಿ ಗುಳಿ ಬೀಳುವವರೆಗೆ ಹಲ್ಲನ್ನು ಹುಳುಕೆಂದು ಎಣಿಸುವುದಿಲ್ಲವಾದ್ದರಿಂದ, ಕಳೆದ ಬಾರಿಯೇ ಒಳಗೊಳಗೆ ಇದ್ದ ಹುಳುಕು ಈ ಬಾರಿ ಲೆಕ್ಕಕ್ಕೆ ಬಂದಿರಬಹುದು. ಈ ಸಲ ಹೊಸದಾಗಿ ಎಕ್ಸ್-ರೇ ತೆಗೆದಿದ್ದರೆ ಹಲ್ಲುಗಳ ಸಂದಿಯಲ್ಲಿ ಅಡಗಿದ್ದುದು ಕಂಡಿರಬಹುದು. ಪರೀಕ್ಷಿಸಿದವರು ಬೇರೆಯವರಾಗಿದ್ದರೂ ಒಂದು ಹಲ್ಲಿನ ವ್ಯತ್ಯಾಸ ಬರುವುದು ಅಸಹಜವಲ್ಲ. ಸಂಶೋಧನೆಗಳಲ್ಲಿ ಪರೀಕ್ಷಕರಿಗೆ ಮೊದಲೇ ತರಬೇತಿ ಕೊಟ್ಟು ಅವರ ಅಂಕಗಳನ್ನು ಪರಸ್ಪರ ತಾಳೆ ನೋಡುವುದು ಇದೇ ಕಾರಣಕ್ಕೆ. ಗುಳಿಗೂ ಮುಂಚಿನ ಹಂತವನ್ನು ಗುರುತಿಸಲು ಐಸಿಡಿಎಎಸ್ ಎಂಬ ಕ್ರಮವಿದೆ. ಅದರಲ್ಲಿ ಹಲ್ಲನ್ನು ಶುಚಿಮಾಡಿ, ಸುಮಾರು 5 ಸೆಕೆಂಡು ಗಾಳಿ ಊದಿ ಒಣಗಿಸಿ, 0ಯಿಂದ 6ರವರೆಗೆ ಅಂಕ ಕೊಡುತ್ತಾರೆ. ಒದ್ದೆಯಾಗಿದ್ದಾಗ ಕಾಣದ ಬಿಳಿ ಮಚ್ಚೆ ಒಣಗಿದಾಗ ಎದ್ದು ಕಾಣುತ್ತದೆ. ಈ ಹಂತದಲ್ಲಿ ಫ್ಲೋರೈಡ್‌ನಿಂದಲೂ ಶುಚಿತ್ವದಿಂದಲೂ ಹುಳುಕನ್ನು ತಡೆಯಬಹುದು, ಕೆಲವೊಮ್ಮೆ ಹಿಂದಕ್ಕೂ ತಿರುಗಿಸಬಹುದು. ನಿಮ್ಮಂತಹವರಿಗೆ ಉಪಯೋಗಕ್ಕೆ ಬರುವ ಅಳತೆ ಇದು.

ಪ್ರಶ್ನೆ: ನನ್ನ ತಂಗಿಯ ಹಲ್ಲಿನಲ್ಲಿ ಸದಾ ಪಾಚಿಯಿದ್ದರೂ ಒಂದು ಹುಳುಕೂ ಇಲ್ಲ. ಹಾಗಿರುವಾಗ ಪಾಚಿಯನ್ನು ಅಳೆದು ಪ್ರಯೋಜನವೇನು?

ಉತ್ತರ: ಪ್ಲಾಕ್ ಅಂಕ ಪಾಚಿ ಎಷ್ಟು ಬದಿಗಳಲ್ಲಿದೆ ಎಂಬುದನ್ನು ಹೇಳುತ್ತದೆ, ಅದು ಉಂಟುಮಾಡುವ ಆಮ್ಲವನ್ನು ಹೇಳುವುದಿಲ್ಲ. ಸಕ್ಕರೆ ತಗುಲಿದ ಕೆಲವೇ ನಿಮಿಷಗಳಲ್ಲಿ ಪಾಚಿಯ ಪಿಎಚ್ (ಆಮ್ಲೀಯತೆಯ ಅಳತೆ; ಇದು ಇಳಿದಷ್ಟೂ ಆಮ್ಲ ಹೆಚ್ಚು) ಕುಸಿದು, ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಅರ್ಧ ಗಂಟೆ ಅಥವಾ ಹೆಚ್ಚು ಹಿಡಿಯುತ್ತದೆ ಎಂಬುದನ್ನು ಸಂಶೋಧಕ ಸ್ಟೀಫನ್ 1940ರ ದಶಕದಲ್ಲಿ ತೋರಿಸಿದರು. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್‌ನ ಖನಿಜ ಕರಗತೊಡಗುತ್ತದೆ. ಸಿಹಿಯನ್ನು ದಿನಕ್ಕೆ ಎಷ್ಟು ಬಾರಿ ತಿನ್ನುತ್ತಾರೆ, ಜೊಲ್ಲು ಎಷ್ಟು ಸುರಿಯುತ್ತದೆ, ಫ್ಲೋರೈಡ್ ದೊರೆಯುತ್ತಿದೆಯೆ ಎಂಬುದೆಲ್ಲವೂ ಸೇರಿ ಹುಳುಕನ್ನು ನಿರ್ಧರಿಸುತ್ತವೆ. ಆದರೆ ಒಸಡಿನ ವಿಷಯದಲ್ಲಿ ಪಾಚಿಯ ಸಂಬಂಧ ಹೆಚ್ಚು ನೇರವಾದುದು. ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಲ್ಲು ಶುಚಿಮಾಡುವುದನ್ನು ನಿಲ್ಲಿಸಿದ ಆರೋಗ್ಯವಂತರೆಲ್ಲರಿಗೂ ಸುಮಾರು ಮೂರು ವಾರದೊಳಗೆ ಒಸಡಿನ ಉರಿಯೂತ ಬಂತು. ಮತ್ತೆ ಉಜ್ಜತೊಡಗಿದಾಗ ಅದು ವಾಸಿಯಾಯಿತು. ನಿಮ್ಮ ತಂಗಿಯವರು ಹುಳುಕಿಲ್ಲವೆಂದು ನಿಶ್ಚಿಂತರಾಗದೆ, ಉಜ್ಜುವಾಗ ಒಸಡಿನಿಂದ ರಕ್ತ ಬರುತ್ತದೆಯೆ ಎಂಬುದನ್ನು ಗಮನಿಸಿ ತಪಾಸಣೆ ಮಾಡಿಸಿಕೊಳ್ಳಲಿ.

ಪ್ರಶ್ನೆ: ಬಣ್ಣದ ಮಾತ್ರೆಯಿಂದ ಮನೆಯಲ್ಲಿಯೇ ಪಾಚಿಯನ್ನು ನೋಡಿಕೊಳ್ಳಬಹುದೆ?

ಉತ್ತರ: ನೋಡಿಕೊಳ್ಳಬಹುದು. ಬಣ್ಣದ ಅಲರ್ಜಿ ಇರುವವರು ಬಳಸಬಾರದು. ರಾತ್ರಿ ಉಜ್ಜಿದ ನಂತರ ಮಾತ್ರೆಯನ್ನು ಅಗಿದು, ಬಾಯಿ ಮುಕ್ಕಳಿಸಿ, ಕನ್ನಡಿಯ ಮುಂದೆ ಒಳಬದಿಗಳನ್ನೂ ಕೊನೆಯ ದವಡೆಹಲ್ಲುಗಳನ್ನೂ ನೋಡಿ. ಬಣ್ಣ ಉಳಿದ ಜಾಗವೇ ಬ್ರಷ್ ತಲುಪದ ಜಾಗ. ಹುಳುಕನ್ನು ಈ ಬಣ್ಣ ತೋರಿಸುವುದಿಲ್ಲ. ಅದಕ್ಕೆ ವೈದ್ಯರ ಪರೀಕ್ಷೆಯೇ ಆಗಬೇಕು.