ಆ ನಾಲ್ಕು ಹುಡುಗಿಯರ ಚಿತ್ರದ ಬಗ್ಗೆ

ನಮಸ್ಕಾರ. ಅಮೆರಿಕದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಬರೆದ ಬಾಯ್ಟ್ ಸೋದರಿಯರ ಚಿತ್ರದಲ್ಲಿ ದೊಡ್ಡ ಹುಡುಗಿ ಯಾಕೆ ಮುಖ ತಿರುಗಿಸಿದ್ದಾಳೆ, ಆ ಮನೆಯವರಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ್ದೀರಿ.

ಮೊದಲು ದುಡ್ಡಿನ ವಿಷಯ. ಅದು ಜಾಸ್ತಿ ತಾಯಿಯ ತವರಿನದು. ಅವರ ತಂದೆ ಜಾನ್ ಪರ್ಕಿನ್ಸ್ ಕುಶಿಂಗ್ ಚೀನಾದ ಕ್ಯಾಂಟನ್‌ನಲ್ಲಿ ವ್ಯಾಪಾರಿ. ಅಫೀಮು ಮಾರಿದ ಹಣವೂ ಅದರಲ್ಲಿ ಸೇರಿತ್ತು. ಗಂಡ ಎಡ್ವರ್ಡ್ ಬಾಯ್ಟ್ ವಕೀಲಿಕೆ ಬಿಟ್ಟು ತಾವೂ ಚಿತ್ರ ಬರೆಯಲು ಹೊರಟವರು. 1882ರಲ್ಲಿ ಸಾರ್ಜೆಂಟ್ ಇದನ್ನು ಬರೆದದ್ದು ಅವರ ಪ್ಯಾರಿಸ್ ಮನೆಯಲ್ಲೇ.

ಇನ್ನು ಆ ಹುಡುಗಿ. ಸುಮಾರು ಏಳು ಅಡಿಯ ಚೌಕ ಚಿತ್ರ. ನಾಲ್ಕು ವರ್ಷದ ಜೂಲಿಯಾ ಗೊಂಬೆ ಇಟ್ಟುಕೊಂಡು ನೆಲದ ಮೇಲೆ, ಪೂರ್ತಿ ಬೆಳಕಿನಲ್ಲಿ ಕೂತಿದ್ದಾಳೆ. ವಯಸ್ಸು ಹೆಚ್ಚಾದಂತೆ ಹುಡುಗಿಯರು ಕತ್ತಲೆಯ ಕಡೆ ಸರಿಯುತ್ತಾರೆ. ಹದಿನಾಲ್ಕರ ಫ್ಲಾರೆನ್ಸ್ ಎತ್ತರದ ಎರಡು ಜಪಾನಿ ಹೂದಾನಿಗಳಲ್ಲಿ ಒಂದಕ್ಕೆ ಬೆನ್ನು ಕೊಟ್ಟು ನಿಂತಿದ್ದಾಳೆ, ಮುಖ ನೆರಳಿನಲ್ಲಿ. ಬಾಲ್ಯ ಕೈಬಿಡುವ ಹೊತ್ತು ಅದು ಅಂತ ನನಗನ್ನಿಸುತ್ತದೆ. ಹಣ ಕೊಟ್ಟು ಬರೆಸುವ ಚಿತ್ರಗಳಲ್ಲಿ ಎಲ್ಲರ ಮುಖವೂ ಚೆನ್ನಾಗಿ ಕಾಣಬೇಕು ಅಲ್ವಾ? ಇಲ್ಲಿ ಹಾಗಿಲ್ಲ, ಅದಕ್ಕೇ ನನಗೆ ಇದು ಇಷ್ಟ.

ನಾಲ್ವರಲ್ಲಿ ಯಾರೂ ಮದುವೆಯಾಗಲಿಲ್ಲ. 1919ರಲ್ಲಿ ತಂದೆಯ ನೆನಪಿಗೆ ಚಿತ್ರವನ್ನು ಬಾಸ್ಟನ್‌ನ ಲಲಿತಕಲೆಗಳ ಮ್ಯೂಸಿಯಂಗೆ ಕೊಟ್ಟರು. ಆ ಹೂದಾನಿಗಳೂ ಈಗ ಅಲ್ಲೇ ಇವೆ. ಒಳಗೆ ನೋಡಿದಾಗ ಟೆನಿಸ್ ಚೆಂಡು, ಕಾಗದದ ವಿಮಾನ, ಒಂದು ಗರಿ ಸಿಕ್ಕವಂತೆ. ಹೋದರೆ ಚಿತ್ರದ ಜೊತೆ ಅವನ್ನೂ ಹತ್ತಿರದಿಂದ ನೋಡಿ.